ಐದು ಮಿಲಿಸೆಕೆಂಡಿನ ತಡ: ಕಿವಿ ಮಿಷನ್ನಿನಲ್ಲಿ ದನಿಯ ಬಣ್ಣ ಬದಲಾಗುವ ಬಗೆ

(ಮಿಷಿಗನ್ ರಾಜ್ಯದ ವಿಕ್ಸಮ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿಯವರು ಎರಡೇ ಷರತ್ತು ಹಾಕಿದ್ದಾರೆ. ಉಪನ್ಯಾಸ ಕನ್ನಡದಲ್ಲಿರಬೇಕು, ಮನೆಯ ಹಿರಿಯರಿಗೆ ಉಪಯೋಗಕ್ಕೆ ಬರಬೇಕು. ನಾನು ಸಾಹಿತ್ಯದವನಲ್ಲ. ಕಾರಿನೊಳಗಿನ ಸದ್ದು, ಕಂಪನಗಳನ್ನು ಅಳೆದು ತಗ್ಗಿಸುವ ಕೆಲಸದಲ್ಲಿ ವಯಸ್ಸು ಕಳೆದವನು. ಈಗ ಎರಡೂ ಕಿವಿಗೆ ಮಿಷನ್ ಹಾಕಿಕೊಂಡವನು. ಈ ಎರಡು ಅರ್ಹತೆಯ ಬಲದ ಮೇಲೆ ನಿಂತಿದ್ದೇನೆ.

ಈ ಊರಿಗೂ ಸದ್ದಿಗೂ ಹಳೆಯ ನಂಟು. 1957ರಿಂದ 2007ರವರೆಗೆ ಇಲ್ಲಿ ಫೋರ್ಡ್‌ನ ಜೋಡಣಾ ಕಾರ್ಖಾನೆ ನಡೆಯಿತು. ಲಿಂಕನ್, ಥಂಡರ್‌ಬರ್ಡ್ ಕಾರುಗಳು ಹೊರಬರುತ್ತಿದ್ದದ್ದು ಇಲ್ಲಿಂದ. ಎಂಟು ಗಂಟೆಯ ಪಾಳಿಯ ಸರಾಸರಿ ಸದ್ದು 85 ಡೆಸಿಬೆಲ್ ಮುಟ್ಟಿದರೆ ಕೆಲಸಗಾರರ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎಂಬ ನಿಯಮ ಅಮೆರಿಕದ ಕಾರ್ಖಾನೆಗಳಿಗೆ ಬಂದದ್ದು 1983ರ ಸುಮಾರಿಗೆ. ಅದಕ್ಕೂ ಮುಂಚೆ ದುಡಿದ ಎಷ್ಟೋ ಜನರ ಕಿವಿಯ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಆದರೆ ನಮ್ಮ ಅಪ್ಪ ಅಮ್ಮಂದಿರ ಕಿವಿ ಮಂದವಾಗುವುದಕ್ಕೆ ಕಾರ್ಖಾನೆಯೇ ಬೇಕಿಲ್ಲ, ವಯಸ್ಸೇ ಸಾಕು. ಮೊದಲು ಹೋಗುವುದು ಮೇಲಿನ ಕಂಪನಗಳು, ಅಂದರೆ ಸ, ಶ, ತ, ಕ ಮುಂತಾದ ವ್ಯಂಜನಗಳ ಚೂಪು. ಕೆಳಗಿನ ಸ್ವರ ಗಟ್ಟಿಯಾಗೇ ಇರುತ್ತದೆ. ಅದಕ್ಕೇ ಹಿರಿಯರು 'ನೀನು ಮಾತಾಡಿದ್ದು ಕೇಳಿಸುತ್ತೆ, ಏನಂದೆ ಅಂತ ಗೊತ್ತಾಗಲ್ಲ' ಅನ್ನುವುದು.

ಸರಿ, ಮಕ್ಕಳು ಸಾವಿರಾರು ಡಾಲರ್ ಕೊಟ್ಟು ಮಿಷನ್ ತಂದುಕೊಡುತ್ತಾರೆ. ಹದಿನೈದು ದಿನದಲ್ಲಿ ಅದು ಮಾತ್ರೆಯ ಡಬ್ಬಿಯ ಪಕ್ಕದ ಡ್ರಾಯರಿಗೆ ಸೇರುತ್ತದೆ. ಕಾರಣ ಕೇಳಿದರೆ ಬರುವ ಉತ್ತರಗಳು ನಿಮಗೆ ಗೊತ್ತಿರುವವೇ. 'ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ.' 'ಕಿವಿ ಕಟ್ಟಿದ ಹಾಗಾಗುತ್ತೆ.' ಮೂರನೆಯದು, 'ಎಲ್ಲಾ ತಗಡಿನ ಕೊಳವೆಯೊಳಗಿಂದ ಬಂದ ಹಾಗಿದೆ, ನನ್ನ ದನಿ ನನ್ನದೇ ಅನ್ನಿಸೋದಿಲ್ಲ.' ಮೊದಲನೆಯದಕ್ಕೆ ಜೋರು ತಗ್ಗಿಸುತ್ತಾರೆ, ಎರಡನೆಯದಕ್ಕೆ ಕಿವಿಯೊಳಗೆ ಕೂರುವ ರಬ್ಬರಿನ ಡೋಮ್ ಬದಲಿಸುತ್ತಾರೆ. ಮೂರನೆಯದಕ್ಕೆ ಮಾತ್ರ 'ಅಭ್ಯಾಸವಾಗುತ್ತೆ, ಹಾಕ್ಕೊಂಡಿರಿ' ಎಂಬ ಸಮಾಧಾನ. ನನ್ನ ಮಾತು ಈ ಮೂರನೆಯ ದೂರಿನ ಬಗ್ಗೆ. ಅದಕ್ಕೆ ಒಂದು ಮುಖ್ಯ ಕಾರಣವನ್ನು ಅಳೆಯಬಹುದು, ಅಂಕಿಯಲ್ಲಿ ಹೇಳಬಹುದು. ಆದರೆ ಕಂಪನಿಯ ಬಣ್ಣದ ಪುಸ್ತಿಕೆಯಲ್ಲಿ ಆ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ.

ಆ ಅಂಕಿಯೇ ತಡ. ಸದ್ದು ಮೈಕಿಗೆ ತಾಗಿದ ಕ್ಷಣದಿಂದ ಸಂಸ್ಕರಣೆ ಮುಗಿಸಿ ಕಿವಿಯೊಳಗೆ ಹೊರಬೀಳುವವರೆಗಿನ ಸಮಯ. ಇಂದಿನ ಬಹುಪಾಲು ಮಿಷನ್ನುಗಳಲ್ಲಿ ಇದು ಸುಮಾರು 2ರಿಂದ 8 ಮಿಲಿಸೆಕೆಂಡ್.

ಈ ತಡ ಹಳೆಯ ಮಿಷನ್ನಿನಲ್ಲಿ ಇರಲಿಲ್ಲ. ಆ ಹಳೆಯ ಮಿಷನ್ನುಗಳ ಕಡೆ ಒಮ್ಮೆ ನೋಡೋಣ. ಅಮೆರಿಕದ ಕಿವಿ ಮಿಷನ್ನಿನ ಚರಿತ್ರೆಯ ದೊಡ್ಡ ಪಾಲು ನಮ್ಮ ನೆರೆಯ ಶಿಕಾಗೋದ್ದು. ಸ್ಯಾಮ್ ಪೋಸೆನ್ ಅಲ್ಲಿ ಬೆಲ್ಟೋನ್ ಶುರುಮಾಡಿದ್ದು 1940ರಲ್ಲಿ. ರೇಡಿಯೋ ಮಾಡುತ್ತಿದ್ದ ಝೆನಿತ್ ಕಂಪನಿ 1943ರಲ್ಲಿ 40 ಡಾಲರಿಗೆ ಮಿಷನ್ ಕೊಟ್ಟು ಉಳಿದವರ ಬೆಲೆ ಕೆಡಿಸಿತು. ಎರಡನೆಯ ಮಹಾಯುದ್ಧದಿಂದ ಕಿವಿ ಕಳೆದುಕೊಂಡು ಬಂದ ಸೈನಿಕರನ್ನು ನೋಡಿಕೊಂಡ ರೇಮಂಡ್ ಕಾರ್ಹಾರ್ಟ್, ಶಿಕಾಗೋ ಪಕ್ಕದ ಇವಾನ್‌ಸ್ಟನ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಆಡಿಯಾಲಜಿ ಎಂಬ ಶ್ರವಣಶಾಸ್ತ್ರವನ್ನೇ ನೆಲೆಗೊಳಿಸಿದರು. 1946ರಲ್ಲಿ ಹ್ಯೂ ನೋಲ್ಸ್ ಹುಟ್ಟುಹಾಕಿದ ಕಂಪನಿಯ ಪುಟ್ಟ ಮೈಕು, ಪುಟ್ಟ ಸ್ಪೀಕರುಗಳು ಜಗತ್ತಿನ ಮಿಷನ್ನುಗಳ ಹೊಟ್ಟೆಯೊಳಗೆ ಸೇರಿದವು. ಕಿವಿ, ತಲೆ, ಎದೆಭಾಗ ಎಲ್ಲ ಇರುವ ಕೆಮಾರ್ ಎಂಬ ಅಳತೆಯ ಗೊಂಬೆಯೂ 1972ರಲ್ಲಿ ಅದೇ ಕಂಪನಿಯಿಂದ ಬಂತು. ಅಲ್ಲೇ ಕೆಲಸ ಮಾಡಿದ ಮೀಡ್ ಕಿಲಿಯನ್ 1983ರಲ್ಲಿ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಎಟಿಮೋಟಿಕ್ ರಿಸರ್ಚ್ ಕಟ್ಟಿದರು. ಅವರ ಕೆ-ಆಂಪ್ ಮಂಡಲವನ್ನು ಸಂಗೀತಗಾರರು ತುಂಬ ಮೆಚ್ಚಿದರು. ಕಿಲಿಯನ್ನರ ಸೂತ್ರ ಸರಳ: ಮೆಲ್ಲನೆಯ ಸದ್ದನ್ನು ಎತ್ತು, ಜೋರಾದದ್ದನ್ನು ಮುಟ್ಟಬೇಡ. ನನಗೆ ಅದು ಇಂದಿಗೂ ಒಳ್ಳೆಯ ಸೂತ್ರವೇ.

ಕೆ-ಆಂಪ್ ಅನಲಾಗ್ ಮಂಡಲ. ಅಲೆ ಒಳಗೆ ಬಂದಂತೆ ಅಲೆ ಹೊರಗೆ ಹೋಗುತ್ತಿತ್ತು, ತಡ ಎನ್ನುವ ಮಾತಿಲ್ಲ. 1996ರಲ್ಲಿ ಡೆನ್ಮಾರ್ಕಿನ ಓಟಿಕಾನ್ ಮತ್ತು ವೈಡೆಕ್ಸ್ ಕಂಪನಿಗಳ ಪೂರ್ಣ ಡಿಜಿಟಲ್ ಮಿಷನ್ನುಗಳು ಮಾರುಕಟ್ಟೆಗೆ ಬಂದವು. ಡಿಜಿಟಲ್ ಅಂದರೆ ಸದ್ದನ್ನು ಅಂಕಿಗಳಾಗಿ ಕತ್ತರಿಸಿ, ಲೆಕ್ಕ ಮಾಡಿ, ಮತ್ತೆ ಸದ್ದಾಗಿಸುವುದು. ಲೆಕ್ಕ ಮಾಡಲು ಒಂದಿಷ್ಟು ಅಂಕಿಗಳು ಒಟ್ಟಾಗುವವರೆಗೆ ಕಾಯಲೇಬೇಕು. ಸೆಕೆಂಡಿಗೆ 16,000 ಅಂಕಿ ತೆಗೆಯುವ ಮಿಷನ್ 128 ಅಂಕಿಯ ಗುಂಪು ಕಟ್ಟಬೇಕಾದರೆ 8 ಮಿಲಿಸೆಕೆಂಡ್ ಹೋಗುತ್ತದೆ. ಗುಂಪನ್ನು ಸಣ್ಣದು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಮಾಡಬಹುದು, ಆದರೆ ಆಗ ಕಂಪನಗಳನ್ನು ಬಿಡಿಸಿ ನೋಡುವ ಶಕ್ತಿ ಕುಗ್ಗುತ್ತದೆ. 125 ಹರ್ಟ್ಸ್ ಅಂತರದ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಹೆಚ್ಚುಕಡಿಮೆ 8 ಮಿಲಿಸೆಕೆಂಡ್ ಕೇಳಲೇಬೇಕು. ಇದು ಪ್ರಕೃತಿಯ ಕಟ್ಟಳೆ. ಎಂಥ ದುಬಾರಿ ಚಿಪ್ಪು ಹಾಕಿದರೂ ಇದರಿಂದ ರಿಯಾಯಿತಿ ಇಲ್ಲ.

ಇನ್ನು 5 ಮಿಲಿಸೆಕೆಂಡ್ ಎಂದರೆ ಎಷ್ಟು? ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿನಲ್ಲಿ ಸುಮಾರು 1.7 ಮೀಟರ್ ಸಾಗುತ್ತದೆ. ಮೊದಲ ಸಾಲಿನವರಿಗಿಂತ ಮೂರನೆಯ ಸಾಲಿನಲ್ಲಿ ಕುಳಿತವರಿಗೆ ನನ್ನ ಮಾತು ಸುಮಾರು ಇಷ್ಟೇ ತಡವಾಗಿ ತಲುಪುತ್ತಿದೆ. ಯಾರೂ ದೂರುತ್ತಿಲ್ಲ. ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ತಡದಲ್ಲಿಲ್ಲ, ಬೆರಕೆಯಲ್ಲಿದೆ. ಈಗಿನ ಡೋಮುಗಳಲ್ಲಿ ತೂತುಗಳಿರುತ್ತವೆ. ಕಿವಿ ಕಟ್ಟಿದಂತಾಗಬಾರದೆಂದು 2003ರಲ್ಲಿ ರೀಸೌಂಡ್ ಕಂಪನಿಯ ಮಾದರಿಯೊಂದು ಈ ತೆರೆದ ಜೋಡಣೆಯನ್ನು ಜನಪ್ರಿಯ ಮಾಡಿತು. ಕಟ್ಟಿದ ಕಿವಿಯ ದೂರು ಬಹಳಷ್ಟು ಇಳಿಯಿತು, ನಿಜ. ಆದರೆ ತೂತಿನಿಂದ ಹೊರಗಿನ ಸದ್ದು ನೇರವಾಗಿ ಒಳಗೆ ಬರುತ್ತದೆ. ಅದೇ ಸದ್ದಿನ ಸಂಸ್ಕರಿಸಿದ ನಕಲು ಕೆಲವು ಮಿಲಿಸೆಕೆಂಡ್ ಬಿಟ್ಟು ಬರುತ್ತದೆ. ಎರಡೂ ಕಿವಿತಮಟೆಯ ಮುಂದೆ ಕೂಡುತ್ತವೆ.

ಕೂಡಿದಾಗ ಏನಾಗುತ್ತದೆಂದು ತಂಬೂರಿ ಇಟ್ಟುಕೊಂಡು ನೋಡೋಣ. ಮಂದ್ರ ಷಡ್ಜ 100 ಹರ್ಟ್ಸ್‌ಗೆ ಇದೆ, ಮಿಷನ್ನಿನ ತಡ 5 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ತಂತಿ ಮೀಟಿದಾಗ 100 ಒಂದೇ ಅಲ್ಲ. 200, 300, 400, 500 ಹೀಗೆ ಅನುಸ್ವರಗಳ ಸಾಲೇ ಏಳುತ್ತದೆ. 200 ಹರ್ಟ್ಸ್‌ನ ಒಂದು ಅಲೆ ಮುಗಿಯಲು ಸರಿಯಾಗಿ 5 ಮಿಲಿಸೆಕೆಂಡ್ ಬೇಕು. ಆದ್ದರಿಂದ ನಕಲು ಒಂದು ಪೂರ್ತಿ ಅಲೆಯಷ್ಟು ಹಿಂದಿರುತ್ತದೆ, ಉಬ್ಬಿಗೆ ಉಬ್ಬು ಕೂಡಿ ಸದ್ದು ಹೆಚ್ಚುತ್ತದೆ. 300ಕ್ಕೆ ಬಂದರೆ ನಕಲು ಒಂದೂವರೆ ಅಲೆ ಹಿಂದೆ, ಉಬ್ಬಿಗೆ ತಗ್ಗು ಸೇರಿ ಸದ್ದು ಇಳಿಯುತ್ತದೆ. ಹೀಗೆ 100, 300, 500, 700, 900ರಲ್ಲಿ ತಗ್ಗು. 200, 400, 600, 800ರಲ್ಲಿ ಉಬ್ಬು. ಕಾಗದದ ಮೇಲೆ ಬರೆದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ, ಇಂಜಿನಿಯರುಗಳು ಇದಕ್ಕಿಟ್ಟ ಹೆಸರೂ ಬಾಚಣಿಗೆ ಶೋಧಕ ಎಂದೇ. ಷಡ್ಜದ ಬೆಸ ಅನುಸ್ವರಗಳೆಲ್ಲ ತೆಳುವಾಗಿ, ಸಮಸಂಖ್ಯೆಯವು ಮುಂದಾದರೆ ದನಿ ಮೇಲಿನ ಷಡ್ಜದ ಕಡೆಗೆ ವಾಲುತ್ತದೆ. ಮಂದ್ರದ ಗಾಂಭೀರ್ಯ ಕಳಚುತ್ತದೆ. ಇನ್ನೂ ಒಂದು ವಿಷಯ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳುವ ಅಂತರ ಗಾಂಧಾರ ಇದೆಯಲ್ಲ, ಅದು ಷಡ್ಜದ ಐದನೆಯ ಅನುಸ್ವರ. ನಮ್ಮ ಲೆಕ್ಕದಲ್ಲಿ 500 ಹರ್ಟ್ಸ್. ನೇರ ತಗ್ಗಿನೊಳಗೆ ಬೀಳುತ್ತದೆ. 'ತಂಬೂರಿ ಕೇಳುತ್ತೆ, ಆದರೆ ಜೀವ ಇಲ್ಲ' ಎಂದು ಒಬ್ಬ ರಸಿಕರು ಹೇಳಿದರೆ ಅದನ್ನು ವಯಸ್ಸಾದವರ ಗೊಣಗಾಟ ಎಂದು ತಳ್ಳಿಹಾಕಬೇಡಿ. ಅವರ ಕಿವಿ ಹೇಳುತ್ತಿರುವುದು ಭೌತಶಾಸ್ತ್ರವನ್ನೇ.

ನಿಜವಾದ ಕಿವಿಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ತಗ್ಗು ಎಷ್ಟು ಆಳ ಎನ್ನುವುದು ಎರಡು ಸದ್ದುಗಳ ಬಲಾಬಲದ ಮೇಲೆ ನಿಂತಿದೆ. ಎರಡೂ ಸಮಬಲವಾದರೆ ತಗ್ಗಿನಲ್ಲಿ ಸದ್ದು ಪೂರ್ತಿ ಅಳಿಯುತ್ತದೆ. ಒಂದು ಇನ್ನೊಂದಕ್ಕಿಂತ 10 ಡೆಸಿಬೆಲ್ ಹೆಚ್ಚಿದ್ದರೆ ಉಬ್ಬು ತಗ್ಗಿನ ಅಂತರ 6 ಡೆಸಿಬೆಲ್‌ಗೆ ಇಳಿಯುತ್ತದೆ. 20 ಡೆಸಿಬೆಲ್ ಹೆಚ್ಚಿದ್ದರೆ 2 ಡೆಸಿಬೆಲ್ ಕೂಡ ಇಲ್ಲ. 100 ಹರ್ಟ್ಸ್ ಸುತ್ತ ತೆರೆದ ಡೋಮಿನ ಮಿಷನ್ ಏನೂ ಕೊಡುವುದಿಲ್ಲ, ಅಲ್ಲಿ ನೇರ ಸದ್ದಿನದೇ ರಾಜ್ಯ. 3000ದ ಮೇಲೆ ಮಿಷನ್ನಿನ ರಾಜ್ಯ. ಜಗಳ ನಡೆಯುವುದು ನಡುವಿನ ಗಡಿಯಲ್ಲಿ, ಹೆಚ್ಚಾಗಿ 500ರಿಂದ 1500 ಹರ್ಟ್ಸ್ ಆಸುಪಾಸಿನಲ್ಲಿ. ದುರದೃಷ್ಟಕ್ಕೆ ಮಾತಿನ ಸ್ವರಾಕ್ಷರಗಳ ಗುರುತೂ ಅಲ್ಲೇ ಇದೆ.

ಒಳಗಿವಿಯ ಗುಣವೂ ಲೆಕ್ಕಕ್ಕೆ ಬರುತ್ತದೆ. ಆರೋಗ್ಯದ ಕಿವಿ 1000 ಹರ್ಟ್ಸ್ ಸುತ್ತ ಸುಮಾರು 130 ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸದ್ದನ್ನು ಸೋಸುತ್ತದೆ, 4000ದ ಸುತ್ತ 450 ಹರ್ಟ್ಸ್ ಅಗಲದಲ್ಲಿ. 200 ಹರ್ಟ್ಸ್ ಅಂತರದ ಹಲ್ಲುಗಳು ಕೆಳಗೆ ಬಿಡಿಬಿಡಿಯಾಗಿ ಕೇಳುತ್ತವೆ, ಮೇಲೆ ಕಲಸಿಹೋಗುತ್ತವೆ. ಕಿವಿ ಹೆಚ್ಚು ಕೆಟ್ಟಷ್ಟೂ ಈ ಪಟ್ಟಿಗಳು ಅಗಲವಾಗುತ್ತವೆ. ಹಾಗಾಗಿ ಒಂದು ವಿಪರ್ಯಾಸ ನೋಡಿ: ಕಿವಿ ಸ್ವಲ್ಪವೇ ಮಂದವಾದವರಿಗೆ, ತೆರೆದ ಡೋಮ್ ಹಾಕಿಕೊಂಡವರಿಗೆ ತಡದ ಕಾಟ ಹೆಚ್ಚು. ತೀರಾ ಮಂದವಾಗಿ, ಅಚ್ಚು ತೆಗೆದು ಮಾಡಿಸಿದ ಮೋಲ್ಡಿನಲ್ಲಿ ಕಿವಿ ಮುಚ್ಚಿಕೊಂಡವರಿಗೆ 8 ಮಿಲಿಸೆಕೆಂಡೂ ಗೊತ್ತಾಗದೇ ಹೋಗಬಹುದು.

ಸ್ವಂತ ದನಿಯ ಕಥೆ ಬೇರೆ. ನಮ್ಮ ಮಾತು ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ. ಡೋಮ್ ಮುಚ್ಚಿದರೂ ಮೂಳೆಯ ದಾರಿ ಮುಚ್ಚುವುದಿಲ್ಲ, ಬೆರಕೆ ತಪ್ಪುವುದಿಲ್ಲ. ಆಗ್ನ್ಯೂ ಮತ್ತು ಥಾರ್ನ್‌ಟನ್ ಎಂಬಿಬ್ಬರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಕೇಳುವವರು ತಮ್ಮ ದನಿಯನ್ನು ಮಿಷನ್ನಿನಲ್ಲಿ ಕೇಳಿದಾಗ 3ರಿಂದ 5 ಮಿಲಿಸೆಕೆಂಡಿಗೇ ಏನೋ ವ್ಯತ್ಯಾಸ ಎಂದರು. 10 ದಾಟಿದಾಗ ಬಹುಪಾಲು ಬೇಡ ಎಂದರು. ಕೇಂಬ್ರಿಜ್‌ನ ಮೈಕೆಲ್ ಸ್ಟೋನ್ ಮತ್ತು ಬ್ರಯನ್ ಮೂರ್ 1999ರಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದವರು. ಮುಚ್ಚಿದ ಜೋಡಣೆಗೆ ಅವರ ಮೊದಲ ಮಿತಿ 20 ಮಿಲಿಸೆಕೆಂಡಿನ ಆಸುಪಾಸು ಇತ್ತು. 2008ರಲ್ಲಿ ತೆರೆದ ಡೋಮುಗಳನ್ನು ಪರಿಶೀಲಿಸಿದಾಗ 5-6 ಮಿಲಿಸೆಕೆಂಡಿಗೆ ಇಳಿಯಿತು. ತಡ ಇನ್ನೂ ದೊಡ್ಡದಾಗಿ 200 ಮಿಲಿಸೆಕೆಂಡ್ ಹತ್ತಿರ ಬಂದರೆ ನಾಲಿಗೆಯೇ ತೊದಲುತ್ತದೆ ಎಂದು ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದ್ದರು. ಊರಿಗೆ ಫೋನ್ ಮಾಡಿದಾಗ ನಿಮ್ಮ ಮಾತು ನಿಮಗೇ ತಿರುಗಿ ಕೇಳಿ ವಾಕ್ಯ ಅರ್ಧಕ್ಕೆ ನಿಂತ ಅನುಭವ ಇಲ್ಲಿ ಎಲ್ಲರಿಗೂ ಇದೆ.

ಈಗ ಕಾನೂನಿಗೆ ಬರೋಣ. 2022ರ ಅಕ್ಟೋಬರ್ 17ರಿಂದ ಅಮೆರಿಕದಲ್ಲಿ ವಯಸ್ಕರು ಚೀಟಿಯಿಲ್ಲದೆ ಅಂಗಡಿಯಿಂದಲೇ ಮಿಷನ್ ಕೊಳ್ಳಬಹುದು. ಸೌಮ್ಯದಿಂದ ಮಧ್ಯಮ ಪ್ರಮಾಣದ ಮಂದಕಿವಿಗಷ್ಟೇ ಇದು. ಔಷಧ ಮತ್ತು ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ನಿಯಮ ಇಂಥ ಮಿಷನ್ನಿನ ಅತಿ ಜೋರಿಗೆ, ಒಳಗದ್ದಲಕ್ಕೆ, ವಿರೂಪಕ್ಕೆ ಮಿತಿ ಹಾಕಿದೆ, ತಡಕ್ಕೂ ಹಾಕಿದೆ: 15 ಮಿಲಿಸೆಕೆಂಡ್. ತಡವನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತಲ್ಲ ಎಂದು ನನಗೆ ಸಂತೋಷವಾಯಿತು. ಆದರೆ ಆ ಅಂಕಿಯ ಬಗ್ಗೆ ನನಗೆ ತಕರಾರಿದೆ. ಈ ಮಿಷನ್ನುಗಳನ್ನು ಕೊಳ್ಳುವವರು ಕಿವಿ ಸ್ವಲ್ಪವೇ ಮಂದವಾದವರು, ಬಹುಪಾಲು ತೆರೆದ ಡೋಮಿನವರು. ತಡದ ಕಾಟ ಹೆಚ್ಚಿರುವುದು ಇವರಿಗೇ. 15 ಎಂಬುದು ಮಾರಬಾರದ ಸರಕಿನ ಗೆರೆ, ಒಳ್ಳೆಯ ದನಿಯ ಪ್ರಮಾಣಪತ್ರ ಅಲ್ಲ. 'ಎಫ್‌ಡಿಎ ನಿಯಮಕ್ಕೆ ಒಳಪಟ್ಟಿದೆ' ಎಂಬ ಸಾಲನ್ನು ಡಬ್ಬಿಯ ಮೇಲೆ ಓದಿದಾಗ ಇದು ನೆನಪಿರಲಿ.

ಹಾಗಾದರೆ ತಡ ಕಡಿಮೆ ಇರುವುದನ್ನೇ ಕೊಂಡರಾಯಿತಲ್ಲ? ಪೂರ್ತಿ ಹಾಗೂ ಅಲ್ಲ. ವೈಡೆಕ್ಸ್ 2020ರಲ್ಲಿ ತಡವನ್ನು ಅರ್ಧ ಮಿಲಿಸೆಕೆಂಡಿನ ಮಟ್ಟಕ್ಕೆ ಇಳಿಸಿದ ಮಾದರಿ ತಂದಿತು. ಅರ್ಧ ಮಿಲಿಸೆಕೆಂಡಿನಲ್ಲಿ ಮೊದಲ ತಗ್ಗು 1000 ಹರ್ಟ್ಸ್‌ಗೆ, ಮುಂದಿನದು 3000ಕ್ಕೆ. ಹಲ್ಲುಗಳು ಕೆಲವೇ, ಅಗಲ ಹೆಚ್ಚು. ತಗಡಿನ ಛಾಯೆ ಹೋಗುತ್ತದೆ, ಉಳಿಯುವ ಅಗಲವಾದ ತಗ್ಗನ್ನು ಹೊಂದಾಣಿಕೆಯಲ್ಲಿ ತಕ್ಕಮಟ್ಟಿಗೆ ತುಂಬಬಹುದು. ಮನೆಯಲ್ಲಿ ಮಾತಿಗೆ, ಸಂಗೀತಕ್ಕೆ ಇದು ಹಿತ. ಆದರೆ ಪಕ್ಕದ ನೋವೈ ಊರಿನ ದೇವಸ್ಥಾನದಲ್ಲಿ ಹಬ್ಬದ ದಿನ ಊಟದ ಹಾಲಿನಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಮಕ್ಕಳ ಕೇಕೆ, ಕುರ್ಚಿ ಎಳೆಯುವ ಸದ್ದು, ಎದುರಿಗೆ ಇಪ್ಪತ್ತು ವರ್ಷದ ಮೇಲೆ ಸಿಕ್ಕ ಸ್ನೇಹಿತ. ಅಲ್ಲಿ ಗದ್ದಲದಿಂದ ಮಾತನ್ನು ಬಿಡಿಸಲು ಮಿಷನ್ನಿಗೆ ಸಮಯ ಬೇಕು. 2024ರಲ್ಲಿ ಫೋನಾಕ್ ಇದಕ್ಕೆಂದೇ ಪ್ರತ್ಯೇಕ ಎಐ ಚಿಪ್ಪು ಹಾಕಿದ ಮಾದರಿ ತಂದಿತು. ಆ ಗದ್ದಲದಲ್ಲಿ ಸ್ನೇಹಿತನ ಮಾತು ತಿಳಿಯುವುದಾದರೆ ದನಿ ಸ್ವಲ್ಪ ತಗಡಾದರೂ ನಾನು ಒಪ್ಪಿಕೊಳ್ಳುತ್ತೇನೆ. ಸಂಗೀತ ಕಚೇರಿ ಕೇಳುವಾಗ ಒಪ್ಪುವುದಿಲ್ಲ. ಒಂದೇ ಮಿಷನ್ನಿನಲ್ಲಿ ಎರಡು ಪ್ರೋಗ್ರಾಮ್ ಇಡಿಸಿಕೊಳ್ಳಬಹುದು. ಆದರೆ ಗದ್ದಲ ತಗ್ಗಿಸುವುದನ್ನು ನಿಲ್ಲಿಸಿದ ಮಾತ್ರಕ್ಕೆ ತಡ ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ. ಕೆಲವು ಮಿಷನ್ನುಗಳಲ್ಲಿ ನಿಲ್ಲಿಸಿದರೂ ತಡ ಅಷ್ಟೇ ಇರುತ್ತದೆ.

ಟಿವಿಯ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಬ್ಲೂಟೂತ್‌ನಲ್ಲಿ ಕಿವಿಗೆ ಬರುವ ಸದ್ದಿನ ತಡ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ತೆರೆದ ಡೋಮ್ ಇದ್ದು ಟಿವಿಯ ಸ್ಪೀಕರೂ ಹಾಡುತ್ತಿದ್ದರೆ ಎರಡೆರಡು ಕೇಳುತ್ತದೆ, ಅದು ಮಿಷನ್ನಿನ ದೋಷವಲ್ಲ.

ಇನ್ನೊಂದು ಎಚ್ಚರಿಕೆ: ಎರಡು ಕಿವಿಗೆ ಎರಡು ಕಂಪನಿಯ ಮಿಷನ್ ಹಾಕಬೇಡಿ. ಒಂದು ಹಾಳಾದಾಗ ಸಿಕ್ಕಿದ್ದನ್ನು ಜೋಡಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಸದ್ದು ಯಾವ ದಿಕ್ಕಿನದು ಎಂದು ಮಿದುಳು ತಿಳಿಯುವುದು ಬಹುಮಟ್ಟಿಗೆ ಎರಡು ಕಿವಿಗಳ ನಡುವಿನ ಸಮಯದ ವ್ಯತ್ಯಾಸದಿಂದ, ಆ ವ್ಯತ್ಯಾಸ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ಒಂದು ಮಿಷನ್ 2, ಇನ್ನೊಂದು 6 ಮಿಲಿಸೆಕೆಂಡ್ ತಡ ಮಾಡಿದರೆ ಈ ಸೂಕ್ಷ್ಮ ಲೆಕ್ಕ ಉಳಿಯುವುದು ಹೇಗೆ? ರಸ್ತೆ ದಾಟುವವರಿಗೆ ಇದು ಸಣ್ಣ ವಿಷಯವಲ್ಲ.

ಕೊನೆಯದಾಗಿ ಭಾಷೆಯ ವಿಷಯ. ಇಲ್ಲಿನ ಕ್ಲಿನಿಕ್ಕುಗಳಲ್ಲಿ ಮಾತಿನ ಪರೀಕ್ಷೆಗೆ ಬಹಳವಾಗಿ ಬಳಸುವುದು ನಾರ್ತ್‌ವೆಸ್ಟರ್ನ್‌ನಲ್ಲಿ 1966ರಲ್ಲಿ ಟಿಲ್‌ಮನ್ ಮತ್ತು ಕಾರ್ಹಾರ್ಟ್ ಸಿದ್ಧಪಡಿಸಿದ ಎನ್‌ಯು-6 ಎಂಬ ಇಂಗ್ಲಿಷ್ ಪದಪಟ್ಟಿ. ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದ ಅಜ್ಜಿಯನ್ನು ಇಂಗ್ಲಿಷಿನ ಬಿಡಿ ಪದ ಹೇಳಿಸಿ ಪರೀಕ್ಷಿಸಿದರೆ ಆಕೆಯ ಕಿವಿಯನ್ನು ಅಳೆದಂತಾಗಲಿಲ್ಲ, ಇಂಗ್ಲಿಷನ್ನು ಅಳೆದಂತಾಯಿತು. ಕನ್ನಡದಲ್ಲಿ ದೀರ್ಘಸ್ವರಕ್ಕೆ ತೂಕ ಜಾಸ್ತಿ, ಎಳೆದು ನಿಲ್ಲುವ ಸ್ವರದಲ್ಲಿ ಬಾಚಣಿಗೆಯ ಬಣ್ಣ ಬೇಗ ಎದ್ದು ಕಾಣುತ್ತದೆ. ಲ-ಳ, ನ-ಣ ಭೇದದ ಗುರುತು ಹೆಚ್ಚಾಗಿ 2000-3000 ಹರ್ಟ್ಸ್‌ನಲ್ಲಿ, ಅಂದರೆ ಮಿಷನ್ನಿನ ರಾಜ್ಯದ ಹೊಸ್ತಿಲಲ್ಲಿ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಕನ್ನಡದ ಧ್ವನಿಗಳು ಸಮತೋಲನದಲ್ಲಿ ಬರುವಂಥ ಪದಪಟ್ಟಿಯೊಂದನ್ನು ಅಲ್ಲಿ 2005ರಲ್ಲಿ ರೂಪಿಸಿದ್ದಾರೆ. ಅಪ್ಪ ಅಮ್ಮ ಊರಿಗೆ ಹೋದಾಗ ಮೈಸೂರಿನಲ್ಲೇ ಕನ್ನಡದಲ್ಲಿ ಪರೀಕ್ಷೆ ಮಾಡಿಸಿ, ವರದಿ ತಂದು ಇಲ್ಲಿನ ಆಡಿಯಾಲಜಿಸ್ಟರಿಗೆ ಕೊಡಬಹುದು.

ನಮ್ಮ ಕನ್ನಡ ಕೂಟಗಳವರಲ್ಲಿ ಒಂದು ವಿನಂತಿ. ಗಂಡು ದನಿ, ಹೆಣ್ಣು ದನಿಯಲ್ಲಿ ಕನ್ನಡ ಗದ್ಯದ ಓದು, ಸ್ವಲ್ಪ ತಂಬೂರಿ, ಊಟದ ಹಾಲಿನ ಗದ್ದಲದ ನಡುವೆ ಒಂದು ಸಂಭಾಷಣೆ, ಇಷ್ಟನ್ನು ಒಳ್ಳೆಯ ಮೈಕಿನಲ್ಲಿ ಧ್ವನಿಮುದ್ರಿಸಿ ಮನೆಮನೆಗೆ ಕೊಡಿ. ಹಿರಿಯರು ಮಿಷನ್ ಹೊಂದಿಸಿಕೊಳ್ಳಲು ಹೋಗುವಾಗ ಅದನ್ನು ಕೇಳಲಿ. ಅವರು ತಾವೂ ಕನ್ನಡದಲ್ಲಿ ನಾಲ್ಕು ಸಾಲು ಗಟ್ಟಿಯಾಗಿ ಓದಿ ತಮ್ಮ ದನಿ ಹೇಗಿದೆ ನೋಡಲಿ. ಜೊತೆಗೆ ಹೋಗುವ ಮಗ, ಮಗಳು, ಸೊಸೆ ಮೂರು ಪ್ರಶ್ನೆ ಕೇಳಲಿ: ಈ ಮಾದರಿಯ ತಡ ಎಷ್ಟು ಮಿಲಿಸೆಕೆಂಡ್? ಹಾಕುತ್ತಿರುವುದು ತೆರೆದ ಡೋಮೋ ಮುಚ್ಚಿದ್ದೋ? ಒಗ್ಗದಿದ್ದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೀರಿ? ಚೀಟಿಯಿಲ್ಲದ ಮಿಷನ್ನಿನ ಡಬ್ಬಿಯ ಮೇಲೆ ಈ ಕೊನೆಯ ಪ್ರಶ್ನೆಗೆ ಉತ್ತರ ಮುದ್ರಿಸಿರಲೇಬೇಕು ಎಂಬ ಕಾನೂನಿದೆ. ತೆರೆದ ಡೋಮಿಗೆ 6 ಮಿಲಿಸೆಕೆಂಡಿಗಿಂತ ಹೆಚ್ಚು ತಡದ ಮಿಷನ್ ಕೊಟ್ಟರೆ ಕೊಳ್ಳಬೇಡಿ.